ರೆಬೆಲ್ಲೊ ಸುದ್ದಿ

ಓದುಬರಹ ಬಾರದವರಿಗೆ ಕಾಗದ ಬರೆದುಕೊಡುವುದು, ಬಂದ ಕಾಗದ ಓದಿ ಹೇಳುವುದು ಸೆವರಿನ್ ರೆಬೆಲ್ಲೊ ಅವರ ಕಸುಬು. ಉಪ್ಪಳ ಸ್ಟೇಷನ್ನಿನ ಎದುರು ಅವರ ಮೇಜು. ಕ್ರೈಸ್ತರಾದ ಅವರನ್ನು ಊರವರು ಗೌರವದಿಂದ 'ಪೊರ್ಬುಗಳು' ಎನ್ನುತ್ತಿದ್ದರು. ೧೯೪೪ರ ಮಳೆಗಾಲದಲ್ಲಿ ಶಂಕರಿ ಒಂದು ಇಂಗ್ಲಿಷ್ ಕಾಗದ ತಂದಳು. ಅವಳ ಒಬ್ಬನೇ ಮಗ ಪೂವಪ್ಪ ಪಟ್ಟಾಳ ಸೇರಿ ಬರ್ಮಾ ಗಡಿಗೆ ಹೋಗಿದ್ದ.

"ಎಂತ ಬರೆದಿದ್ದಾರೆ, ಪೊರ್ಬುಗಳೇ?"

ಮೊದಲ ಸಾಲಿನಲ್ಲೇ ಸಾವು ಇತ್ತು. ಸೆವರಿನ್ ತಲೆಯೆತ್ತಿದರು. ಅವಳ ಮುಖದಲ್ಲಿ ಆಗಲೇ ನಗು ಮೂಡಿತ್ತು.

"ಹುಷಾರಾಗಿದ್ದಾನಂತೆ," ಎಂದರು.

ನಾಳೆ ನಿಜ ಹೇಳಿದರಾಯಿತು ಎಂದುಕೊಂಡರು, ಆಗಲಿಲ್ಲ. ಅವಳು ಮಗನಿಗೆ ಕಾಗದ ಬರೆಸಿದಳು. ಮಗನ ಉತ್ತರವನ್ನೂ ಇವರೇ ಬರೆದು, ಬಂದಿದೆಯೆಂದು ಓದಿ ಹೇಳಿದರು. ಸತ್ತವನು ಹದಿನಾಲ್ಕು ತಿಂಗಳು ತಾಯಿಯ ಮಂಡಿನೋವು ವಿಚಾರಿಸುತ್ತಲೇ ಇದ್ದ.

ಯುದ್ಧ ಮುಗಿದ ಮೇಲೆ ಪೂವಪ್ಪನ ಜತೆಗಿದ್ದ ಮುದ್ದಣ್ಣ ಊರಿಗೆ ಬಂದು ಎಲ್ಲ ಹೇಳಿದ. ಶಂಕರಿ ಮೇಜಿನ ಮುಂದೆ ಬಂದು ನಿಂತಳು. ಅಳಲಿಲ್ಲ.

"ಬೊಜ್ಜ, ಉತ್ತರಕ್ರಿಯೆ ಮಾಡದಿದ್ದರೆ ಸತ್ತವರು ದಾರಿ ಸಿಗದೆ ಅಲೆಯುತ್ತಾರೆ. ಇಷ್ಟು ದಿನ ನನ್ನ ಮಗ ಎಲ್ಲಿದ್ದ, ಪೊರ್ಬುಗಳೇ?"

ಆಮೇಲೆ ಸೆವರಿನ್ ನಡುಮಧ್ಯಾಹ್ನ ಬರೆಯುತ್ತ ಕೂತರೂ ಕಾಗದದ ಮೇಲೆ ಯಾರದೋ ನೆರಳು ಬೀಳುತ್ತಿತ್ತು. ಕತ್ತೆತ್ತಿದರೆ ಯಾರೂ ಇಲ್ಲ.

ಊರಲ್ಲಿ ಹೊಸ ಮಾತೊಂದು ಹುಟ್ಟಿತು. ಕಿವಿಗೆ ಹಿತವಾದ ಸುಳ್ಳೆಲ್ಲ 'ರೆಬೆಲ್ಲೊ ಸುದ್ದಿ'. ಮೀನು ತಾಜಾ ಎಂದವಳಿಗೆ, "ರೆಬೆಲ್ಲೊ ಸುದ್ದಿ ಬೇಡ ಮಾರಾಯ್ತಿ!" ಎನ್ನುತ್ತಿದ್ದರು.

"ಇಂಗ್ಲಿಷಿನಲ್ಲಿಯೂ ಹೀಗೆ ಉಂಟು," ಎಂದರು ಪೋಸ್ಟ್ ಮಾಸ್ಟರ್ ಹರಿನಾಥ. "ಬರಹಗಾರನ ಮನೆತನದ ಹೆಸರಿಗೆ ಒಂದು ಬಾಲ ಹಚ್ಚಿದರೆ ವಿಶೇಷಣ ಆಗ್ತದೆ. ಬಡವರ ಕೊಳಕು ಗಲ್ಲಿಗಳ ಕಥೆ ಬರೆದವನ ಹೆಸರು ಅಂಥ ಗಲ್ಲಿಗಳಿಗೇ ಅಂಟಿತು."

"ಅದು ಬಿಟ್ಟುಹೋಗುವುದು ಯಾವಾಗ?" ಎಂದು ಸೆವರಿನ್ ಕೇಳಿದರು.

"ಎಲ್ಲಿಂದ ಹೋಗುವುದು? ಆತ ಸತ್ತು ಎಷ್ಟೋ ಕಾಲವಾಯಿತು, ಹೆಸರು ಇನ್ನೂ ಅಂಟಿಕೊಂಡೇ ಉಂಟು."

ಅದನ್ನು ಕೇಳಿದ ಮೇಲೆ ಸೆವರಿನ್ ಸಹಿಯಲ್ಲಿ ಮನೆತನದ ಹೆಸರು ಬರೆಯುವುದನ್ನೇ ಬಿಟ್ಟರು.

೧೯೫೩ರಲ್ಲಿ ಮಗಳು ಜೋಸ್ಫಿನ್ ಬೆಳ್ಳೂರಿನ ಒಂದು ಶಾಲೆಗೆ ಟೀಚರಾಗಿ ಸೇರಲು ಹೊರಟಾಗ ಅವರೂ ಜತೆಗೆ ಹೋದರು. ಗುಮಾಸ್ತ ಪೂರ್ತಿ ಹೆಸರು ಕೇಳಿದ.

"ಜೋಸ್ಫಿನ್. ಅಷ್ಟೇ," ಎಂದರು ಸೆವರಿನ್.

"ಜೋಸ್ಫಿನ್ ರೆಬೆಲ್ಲೊ," ಎಂದಳು ಮಗಳು.

ಗುಮಾಸ್ತನ ಪೆನ್ನು ನಿಂತಿತು. "ರೆಬೆಲ್ಲೊ ಸುದ್ದಿಯ ರೆಬೆಲ್ಲೊ? ಆ ಹೆಸರಿನ ಜನವೂ ಉಂಟಾ?"

"ಉಂಟು. ಇವರು ನನ್ನ ಪಪ್ಪ."

ಹಿಂದಿರುಗುವಾಗ ಸೆವರಿನ್ ಮಗಳಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದರು. ಅವಳು ಎರಡು ಸಲ ನಿಂತು ಕಾದಳು. ಎರಡು ಸಲವೂ ಅವರು, ತನ್ನ ನೆರಳು ಅವಳಿಗೆ ತಾಕದಷ್ಟು ದೂರದಲ್ಲೇ, ನಿಂತುಬಿಟ್ಟರು.