ಅಕ್ಕನನ್ನು ಜಯಂಟ್ ವೀಲಿನಲ್ಲಿ ತೋರಿಸಿದ ಸಂಜೆ

ನಾನು ಚಿಕ್ಕವಳಿದ್ದಾಗ ಕುವೈತಿಗೆ ಚಳಿಗಾಲ ಹಡಗಿನಲ್ಲಿ ಬರುತ್ತಿತ್ತು, ಮಕ್ಕಳೇ. ಡಿಸೆಂಬರಿನಲ್ಲಿ ಶುವೈಖ್ ಬಂದರಿಗೆ ಕಾರ್ನಿವಲ್ ಕಂಪನಿಯವರ ಕಬ್ಬಿಣದ ತುಂಡುಗಳು ಬಂದಿಳಿಯುತ್ತಿದ್ದವು. ಅವನ್ನು ಲಾರಿಗಳಲ್ಲಿ ಸಾಲ್ಮಿಯಾದ ಸಮುದ್ರದಂಡೆಗೆ ತಂದು ಬೋಲ್ಟ್ ಬಿಗಿದರೆ, ಮೂರೇ ದಿನದಲ್ಲಿ ಜಯಂಟ್ ವೀಲ್ ಎದ್ದು ನಿಲ್ಲುತ್ತಿತ್ತು. ಗ್ರೀಸಿನ ವಾಸನೆ, ಜನರೇಟರಿನ ಗುಡುಗುಡು, ತುಟಿಗೆ ಅಂಟುವ ಉಪ್ಪುಗಾಳಿ, ಎಲ್ಲ ಈಗಲೂ ನೆನಪಿದೆ.

ಆ ವರ್ಷ ನನಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತು. ಮಗುವಾಗಿದ್ದಾಗ ಪೋಲಿಯೋ ಬಂದು ಅವಳ ಎಡಗಾಲು ಸಣ್ಣದಾಗಿತ್ತು. ಕೂತರೆ ಥೇಟ್ ಪ್ರಿನ್ಸೆಸ್. ನಡೆದರೆ ಮೈಯೆಲ್ಲ ಒಂದು ಕಡೆ ವಾಲುತ್ತಿತ್ತು. ಎರಡು ಸಂಬಂಧ ಅದರಿಂದಲೇ ತಪ್ಪಿದ್ದವು.

ಮೂರನೆಯದಕ್ಕೆ ಅಪ್ಪ ಒಂದು ಪ್ಲಾನ್ ಮಾಡಿದರು. ಹುಡುಗ ಬ್ಯಾಂಕಿನಲ್ಲಿದ್ದ, ಅವನ ತಾಯಿ ಊರಿನಿಂದ ಬಂದಿದ್ದರು. ಹೆಣ್ಣು ನೋಡಲು ಅವರು ಮನೆಗೆ ಬರುವುದೇ ಬೇಡ, ಕಾರ್ನಿವಲ್‌ಗೆ ಬರಲಿ. ಅವರು ಬರುವ ಮೊದಲೇ ಅಕ್ಕನನ್ನು ಜಯಂಟ್ ವೀಲಿನ ತೊಟ್ಟಿಲಲ್ಲಿ ಕೂರಿಸುವುದು, ಅವರು ಹೋದ ಮೇಲೆ ಇಳಿಸುವುದು.

“ಒಂದ್ಸಲ ತಾಳಿ ಬಿದ್ರೆ ಖಲಾಸ್,” ಅಂದರು ಅಪ್ಪ. ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಕೈಗೆ ಮಾತ್ರ ಒಂದು ಟಿಕೆಟ್ ಕೊಟ್ಟರು: ಬಾಯಿ ಮುಚ್ಚಿಕೊಂಡಿದ್ದರೆ ಕೊನೆಗೆ ನನಗೂ ಒಂದು ರೈಡ್.

ಅಕ್ಕ ರೇಷ್ಮೆ ಸೀರೆಯುಟ್ಟು ಒಬ್ಬಳೇ ಕೂತಳು. ತೂಕ ಸರಿಹೋಗಲೆಂದು ವೀಲ್ ನಡೆಸುವವನು ಅವಳ ಎದುರಿನ ಸೀಟಿನಲ್ಲಿ ಮರಳಿನ ಚೀಲ ಇಟ್ಟ. ಹುಡುಗನೂ ಅವನ ತಾಯಿಯೂ ಬಂದು ಕತ್ತೆತ್ತಿ ನಿಂತರು. ತೊಟ್ಟಿಲು ಕೆಳಗೆ ಬಂದಾಗಲೆಲ್ಲ ಅಕ್ಕ ನಗಬೇಕು. ಮೇಲೆ ಹೋದಾಗ ಕಣ್ಣು ಮುಚ್ಚುತ್ತಿದ್ದಳು.

“ಮುಖ ಲಕ್ಷಣವಾಗಿದೆ ರಾಯರೇ. ಇಳೀಲಿ, ಎರಡು ಮಾತಾಡೋಣ,” ಅಂದರು ಹುಡುಗನ ತಾಯಿ.

“ಇರ್ಲಿ ಬಿಡಿ ಅಮ್ಮಾ, ಅವಳಿಗೆ ಇದು ಅಂದ್ರೆ ಪ್ರಾಣ!” ಅಪ್ಪ ನಗುತ್ತಾ ಇನ್ನೊಂದು ಟಿಕೆಟ್ ಕೊಟ್ಟರು. ಆಮೇಲೆ ಮತ್ತೊಂದು. ನಾಲ್ಕನೆಯ ರೈಡಿನ ಹೊತ್ತಿಗೆ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ನಗುತ್ತಿದ್ದಳು.

“ಸಾಬ್, ಟಿಕೆಟ್ ಖಲಾಸ್,” ಎಂದು ವೀಲಿನವನು ಕೂಗಿದ.

ಅಪ್ಪ ನನ್ನ ಮುಷ್ಟಿ ಬಿಡಿಸಿ ನನ್ನ ಟಿಕೆಟನ್ನು ಕಿತ್ತು ಅವನಿಗೆ ಕೊಟ್ಟರು.

ಅಷ್ಟರಲ್ಲಿ ಹುಡುಗ ವಾಚ್ ನೋಡಿಕೊಂಡ. ಅವನ ತಾಯಿ ನಮ್ಮಮ್ಮನ ಕೈ ಹಿಡಿದು, “ನಮಗೆ ಒಪ್ಪಿಗೆ. ನಾಳೆ ಫೋನ್ ಮಾಡ್ತೀವಿ,” ಅಂದರು. ಅಮ್ಮನ ಕಣ್ಣು ತುಂಬಿತು. ಇಬ್ಬರೂ ಕಾರಿನ ಕಡೆ ತಿರುಗಿದರು. ಎಲ್ಲ ಮುಗಿದೇಹೋಗಿತ್ತು.

ನನ್ನ ಟಿಕೆಟ್ ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು. “ಆಂಟೀ, ಒನ್ ಮಿನಿಟ್,” ಅಂದೆ. “ಅಕ್ಕ ಇಳಿದು ನಡೆಯೋದನ್ನ ನೋಡ್ಕೊಂಡು ಹೋಗಿ.”

ಅವರು ನಿಂತರು. ವೀಲ್ ನಿಂತಿತು. ಅಕ್ಕ ಅಮ್ಮನ ಕೈಯನ್ನು ಸರಿಸಿ, ಕಬ್ಬಿಣದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ವಾಲುತ್ತಾ ಅವರ ಮುಂದೆ ಬಂದು ನಮಸ್ಕಾರ ಮಾಡಿದಳು.

“ಒಳ್ಳೇ ಜಾಗದಲ್ಲೇ ಕೂರ್ಸಿದ್ರಿ ರಾಯರೇ,” ಅಂದರು ಆಕೆ. “ಸಂಸಾರಾನೂ ಅಲ್ಲೇ ಮಾಡ್ಲಿ.” ಹುಡುಗ ನೆಲ ನೋಡುತ್ತಾ ಹೊರಟ.

ಅಪ್ಪ ನನ್ನನ್ನು ಬೈಯಲಿಲ್ಲ. ಕಾರಿನಲ್ಲಿ ದಾರಿಯುದ್ದಕ್ಕೂ ಬೈದದ್ದು ಅಕ್ಕನನ್ನು. “ಇಳೀದೆ ಕೂತಿರೋಕೆ ಏನಾಗಿತ್ತು ನಿಂಗೆ? ನಮಸ್ಕಾರ ಬೇರೆ ಕೇಡು!”

ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಕೈ ಹುಡುಕಿ ಹಿಡಿದಳು. ಅವಳ ಬೆರಳು ಐಸ್‌ನ ಹಾಗಿತ್ತು. “ಥ್ಯಾಂಕ್ಸ್ ಕಣೇ,” ಎಂದು ಪಿಸುಗುಟ್ಟಿದಳು. “ನೀನೊಬ್ಬಳೇ ನನ್ನ ಪರ ಮಾತಾಡಿದ್ದು.”

ನಾನು “ಹ್ಞೂಂ” ಅಂದೆ.

ನಿಮ್ಮ ವರ್ಲ್ಡೇ ಬೇರೆ, ಮಕ್ಕಳೇ. ನಿಮ್ಮ ಜಯಂಟ್ ವೀಲಿಗೆ ಏಸಿ ಇದೆ. ನಿಮ್ಮನ್ನು ಯಾರೂ ಕೂರಿಸಿ ತೋರಿಸುವುದಿಲ್ಲ. ಬೇಕಾದ ಫೋಟೋ ನೀವೇ ತೆಗೆದು ಹಾಕುತ್ತೀರಿ. ಬೆಳಿಗ್ಗೆ ಜಗಳವಾಡಿದರೆ ಊಟದ ಹೊತ್ತಿಗೆ ಒಂದು ಹಾರ್ಟ್ ಜೊತೆ ಸಾರಿ ಕಳಿಸಿ ಹಗುರಾಗುತ್ತೀರಿ. ನಿಜ ಹೇಳಲು ನನಗೆ ಐವತ್ತು ವರ್ಷಕ್ಕೂ ಹೆಚ್ಚು ಟೈಮ್ ಇತ್ತು. ಅಕ್ಕ ಮದುವೆಯಾಗಲಿಲ್ಲ, ಕೊನೆತನಕ ನನ್ನ ಜೊತೆಯಲ್ಲೇ ಇದ್ದಳು. ಹೋದ ವರ್ಷ ಆಸ್ಪತ್ರೆಯಲ್ಲಿ, ಡ್ರಿಪ್ ಹಾಕಲು ಬಂದ ಮಲಯಾಳಿ ನರ್ಸಿಗೆ ನನ್ನನ್ನು ತೋರಿಸಿ ಇಡೀ ಕಥೆ ಹೇಳಿದಳು, “ಸೋ ಸ್ಮಾಲ್ ಷಿ ವಾಸ್, ಬಟ್ ಸೋ ಬ್ರೇವ್” ಅಂತ.

ನರ್ಸ್ ನನ್ನ ಭುಜ ತಟ್ಟಿದಳು. ನಾನು ತಟ್ಟಿಸಿಕೊಂಡೆ.