ಕೆಂಪು ಬಟ್ಟೆ ಕಟ್ಟಿದ ಡಬ್ಬ

ಭಾಂಡುಪ್ ಸ್ಟೇಷನ್ನಿನ ಹೊರಗೆ ಹೋಟೆಲು ನಡೆಸುತ್ತಿದ್ದ ರಮಾನಾಥ ಭಟ್ಟರಿಗೆ ತಮ್ಮ ಮೂಗಿನ ಮೇಲೆ ಭಾರೀ ಅಭಿಮಾನ. ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದವರಿಗೆ ಕಾಫಿ ಸೋಸುವ ಬಡ್ತಿ ಕೊಡಿಸಿದ್ದು ಈ ಮೂಗೇ. ಹಾಲು ಹುಳಿಯಾಗುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ತಮ್ಮದೇ ಉಗ್ರಾಣದಲ್ಲಿ ಉದ್ದಿನಬೇಳೆ ಎಲ್ಲಿದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅದು ಹೆಂಡತಿ ವಸಂತಿಯ ಇಲಾಖೆ. "ಇವಳೇ" ಎಂದು ಕೂಗಿದರೆ ಬೇಳೆ ಬರುತ್ತಿತ್ತು. ಬರುವ ವಸ್ತು ಎಲ್ಲಿಂದ ಬರುತ್ತದೆಂದು ವಿಚಾರಿಸುವ ಚಟ ಭಟ್ಟರಿಗಿರಲಿಲ್ಲ.

ತಿಂಗಳಿಗೆ ಮೂರು ದಿನ ವಸಂತಿ ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಹೊರಗೆ ಕೂರಬೇಕು. ಮಡಿಯ ಹೋಟೆಲೆಂದು ಹೆಸರಾಗಿತ್ತು. ಭಟ್ಟರು ಅದನ್ನು ಸಡಿಲಿಸುವವರಲ್ಲ. ಆ ದಿನಗಳಲ್ಲಿಯೂ ಉಗ್ರಾಣ ಅವಳಿಂದಲೇ ನಡೆಯುತ್ತಿತ್ತು, ಕೈಯ ಬದಲು ಬಾಯಿಂದ. "ಎಡಗಡೆಯ ಡಬ್ಬ. ಅದಲ್ಲ, ಅದರ ಹಿಂದಿನದ್ದು. ಅಯ್ಯೋ, ಅದು ಸೋಡ!"

ಆ ವರ್ಷ ಭಟ್ಟರು ಹಳೆಯ ಪೆಟ್ರೋಲ್ ವ್ಯಾನು ಮಾರಿ, ಯಾರೋ ಓಡಿಸಿ ಬಿಟ್ಟ ಡೀಸೆಲ್ ಲಾರಿ ಕೊಂಡಿದ್ದರು. ಕಾಂದಿವಲಿಯಲ್ಲಿ ಹೊಸ ಕಾರ್ಖಾನೆ ಶುರುವಾಗಿತ್ತು. ಕೆಲಸಗಾರರಿಗೆ ದಿನವೂ ಊಟ ಒಪ್ಪಿಸುವ ಗುತ್ತಿಗೆ. ಪರೀಕ್ಷೆಗೆ ಒಂದು ದಿನದ ಊಟ. ಕಾರ್ಖಾನೆಯ ಮಧ್ಯಾಹ್ನದ ಸೈರನ್, ಅಂದರೆ ಭೋಂಗಾ, ಊದುವಾಗ ಎಲೆ ಮೇಲೆ ಅನ್ನ ಇದ್ದರೆ ಗುತ್ತಿಗೆ ಭಟ್ಟರದ್ದು, ಇಲ್ಲದಿದ್ದರೆ ಬೇರೆಯವರದ್ದು. ಸರಿಯಾಗಿ ಹಿಂದಿನ ದಿನವೇ ವಸಂತಿ ಹೊರಗಾದಳು.

"ನಾಳೆ ನಿನ್ನ ಬಾಯಿಗೂ ರಜೆ ಕೊಡು ಮಾರಾಯ್ತಿ. ನಾನು ನೋಡಿಕೊಳ್ತೇನೆ. ಏನು ದೊಡ್ಡ ಬ್ರಹ್ಮವಿದ್ಯೆಯಾ?" ಎಂದರು ಭಟ್ಟರು.

ಬೆಳಿಗ್ಗೆ ಸಾಂಬಾರಿಗೆ ಒಣಮೆಣಸು ಹುರಿಯುವ ಕೆಲಸ ಅವರ ಪಾಲಿಗೇ ಬಂತು. ಮೆಣಸು ಕಪ್ಪಾಯಿತು, ಘಾಟು ಮಾಡಿಗೆ ಮುಟ್ಟಿತು, ಸೀನಿ ಸೀನಿ ಆ ಹೆಸರುವಾಸಿ ಮೂಗು ಕಟ್ಟಿ ಕಲ್ಲಾಯಿತು. ಅಡುಗೆಯ ಸದಾನಂದ ಪಾತ್ರೆಗಳನ್ನು ಲಾರಿಗೇರಿಸುತ್ತಿದ್ದ. ಡೀಸೆಲ್ ತುಂಬಲು ಭಟ್ಟರು ಹಿತ್ತಲಿಗೆ ಹೋದರು. ವಸಂತಿ ಸ್ನಾನಕ್ಕೆ ಹೋಗಿದ್ದಳು. ಕೇಳುವ ಅವಮಾನ ತಪ್ಪಿತೆಂದು ಅವರಿಗೆ ಸಂತೋಷವೇ ಆಯಿತು.

ಮಾಡಿನ ಕೆಳಗೆ ಎರಡು ಎಣ್ಣೆ ಡಬ್ಬಗಳು, ಅವಳಿಜವಳಿಯಂತೆ. ಒಂದರಲ್ಲಿ ಡೀಸೆಲ್. ಇನ್ನೊಂದರಲ್ಲಿ ಪೆಟ್ರೋಲ್: ವ್ಯಾನು ಕೊಂಡವನಿಗೆ ಪುಕ್ಕಟೆ ಹೋಗಬಾರದೆಂದು ಭಟ್ಟರೇ ಬಸಿದಿಟ್ಟದ್ದು, ವಸಂತಿ ರೇಷ್ಮೆ ಸೀರೆಯ ತುಪ್ಪದ ಕಲೆ ತೆಗೆಯಲು ಬಳಸುತ್ತಿದ್ದುದು. ಅದರ ಹಿಡಿಗೆ ಅವಳು ಹಳೆಯ ಸೀರೆಯ ಕೆಂಪು ಚೂರೊಂದನ್ನು ಕಟ್ಟಿದ್ದಳು, ಬೆಂಕಿಯ ಹತ್ತಿರ ಯಾರೂ ಒಯ್ಯಬಾರದೆಂದು. ಭಟ್ಟರು ಯೋಚಿಸಿದರು: 'ಕೈ ಜಾರಬಾರದೆಂದು ಹಿಡಿಗೆ ಬಟ್ಟೆ ಸುತ್ತಿ ತಯಾರು ಮಾಡಿಟ್ಟಿದ್ದಾಳೆ, ಪಾಪ.' ಇಡೀ ಡಬ್ಬ ಲಾರಿಗೆ ಸುರಿದರು. ಬಟ್ಟೆ ಬಿಚ್ಚಿ ಲಾಳಿಕೆ ಒರೆಸಿ ಜೇಬಿಗೆ ಹಾಕಿಕೊಂಡರು.

ಕೊಳವೆಯಲ್ಲಿ ಉಳಿದಿದ್ದ ಡೀಸೆಲಿನ ಪುಣ್ಯದಿಂದ ಲಾರಿ ಪೊವಾಯಿ ಕೆರೆಯವರೆಗೆ ಬಂತು. ಅಲ್ಲಿ ಕಟಕಟ ಹಲ್ಲು ಕಡಿಯಿತು, ಬಿಳಿ ಹೊಗೆ ಬಿಟ್ಟಿತು, ನಿಂತಿತು.

"ಎಂತ ಆಯ್ತು ಭಟ್ರೇ?" ಎಂದ ಪಕ್ಕದಲ್ಲಿ ಕೂತಿದ್ದ ಸದಾನಂದ.

"ಮುದಿ ಲಾರಿ ಮಾರಾಯ, ದಮ್ಮು ಕಟ್ಟಿದೆ," ಎಂದು ಭಟ್ಟರು ಜೇಬಿನ ಬಟ್ಟೆ ತೆಗೆದು ಬೆವರೊರೆಸಿಕೊಂಡರು. ಕೆರೆಯ ಗಾಳಿಗೆ ಮೂಗು ಆಗಷ್ಟೇ ಬಿಟ್ಟಿತ್ತು. ಒರೆಸಿದ ಕೈ ಮುಖದ ಮೇಲೆಯೇ ನಿಂತಿತು. ಇನ್ನೊಮ್ಮೆ ಮೂಸಿದರು. ತಿಂಗಳುಗಟ್ಟಲೆ ವ್ಯಾನು ಓಡಿಸಿದವರಿಗೆ ಆ ವಾಸನೆಯನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ.

'ಹಾಲು ಹುಳಿಯಾಗುವ ಮೊದಲೇ ತಿಳಿಯುವ ಮೂಗು!' ಎಂದು ತಮ್ಮನ್ನೇ ಹಂಗಿಸಿಕೊಂಡು ಕಲ್ಲಿನ ಮೇಲೆ ಕೂತರು. ಬಿಸಿಲು ಏರುತ್ತಿತ್ತು. ಹಿಂದೆ ಅನ್ನದ ಹಂಡೆಗಳು ಸುಮ್ಮನೆ ಬೆವರುತ್ತಿದ್ದವು.

ಭಾಂಡುಪಿನ ಕಡೆಯಿಂದ ಒಂದು ಕಲ್ಲುಕ್ವಾರಿಯ ಲಾರಿ ಧೂಳೆಬ್ಬಿಸುತ್ತ ಬಂತು. ಓಡಿಸುತ್ತಿದ್ದವನು ದಿನವೂ ಹೋಟೆಲಿಗೆ ಬರುವ ವಿಜಾಪುರದ ಪರಪ್ಪ. ಪಕ್ಕದಲ್ಲಿ ವಸಂತಿ! ಕಾಲ ಬಳಿ ಡೀಸೆಲ್ ಡಬ್ಬ, ತೊಡೆಯ ಮೇಲೆ ಒಂದು ಗಂಟು. ಸ್ನಾನದಿಂದ ಬಂದವಳು ಮಾಡಿನ ಕೆಳಗೆ ಯಾವ ಡಬ್ಬ ಖಾಲಿಯಾಗಿದೆಯೆಂದು ನೋಡಿದ್ದೇ, ಚಹಾ ಕುಡಿಯುತ್ತಿದ್ದ ಪರಪ್ಪನನ್ನು ಎಬ್ಬಿಸಿಕೊಂಡು ಬಂದಿದ್ದಳು.

"ಮತ್ತ ಚಾಲೂ ಮಾಡಬ್ಯಾಡ್ರಿ ಸಾವ್ಕಾರ್ರ, ಪಂಪ್ ಸತ್ಹೋಗ್ತದ!" ಪರಪ್ಪ ಕೆಳಗೆ ಹಾರಿದ. "ಟಾಕಿ ಪೂರಾ ಖಾಲಿ ಮಾಡ್ರಿ. ಆಮ್ಯಾಲೆ ಫಿಲ್ಟರ್ ತೊಳೀಬೇಕು, ಪೈಪಿನ ಗಾಳಿ ತೆಗೀಬೇಕು. ಮಧ್ಯಾಹ್ನ ಆದ ಮ್ಯಾಲೇನ ಇದು ಏಳೋದು."

"ಊಟ?"

"ನನ್ನ ಗಾಡಿ ಐತಲ್ರೀ. ಎತ್ತಿ ಇಡ್ರಿ."

ಸದಾನಂದ ಭಟ್ಟರ ಕಿವಿಯ ಬಳಿ ಬಂದ. "ಆ ಗಾಡಿಯಲ್ಲಿ ಅಮ್ಮ ಕೂತಿದ್ದಾರೆ ಭಟ್ರೇ. ಅವರು ಹೊರಗೆ ಅಲ್ಲವಾ? ಅನ್ನ ಅದೇ ಗಾಡಿಗೆ ಹೇಗೆ…"

ಭಟ್ಟರು ಹೆಂಡತಿಯ ಕಡೆ ನೋಡಿದರು. ಅವಳು ಇಳಿಯಲಿಲ್ಲ, ಮಾತಾಡಲೂ ಇಲ್ಲ. ಬಾಯಿಗೆ ಅವರೇ ರಜೆ ಕೊಟ್ಟಿದ್ದರಲ್ಲ. ಒಂದು ಕಡೆ ಇಷ್ಟು ವರ್ಷ ಕಾದಿಟ್ಟ ಮಡಿ, ಇನ್ನೊಂದು ಕಡೆ ಊದಲಿರುವ ಭೋಂಗಾ. ನಡುವೆ ಪೆಟ್ರೋಲ್ ನಾರುವ ಮುಖ ಹೊತ್ತ ತಾವು.

"ಹೊರಗೆ ಕೂತವನು ನಾನು ಮಾರಾಯ, ಕಾಣುವುದಿಲ್ಲವಾ?" ಎಂದರು ಭಟ್ಟರು. "ಹಂಡೆ ಎತ್ತು."

ಹಂಡೆಗಳು ಸಾಗಿದವು. ಆಗ ವಸಂತಿ ಬಾಯಿ ಬಿಟ್ಟಳು. "ಸೌಟು ತಂದಿದ್ದೀರಾ?"

ಭಟ್ಟರು ಸದಾನಂದನನ್ನು ನೋಡಿದರು, ಸದಾನಂದ ಕೆರೆಯನ್ನು ನೋಡಿದ.

ವಸಂತಿ ತೊಡೆಯ ಮೇಲಿನ ಗಂಟನ್ನು ಅಲುಗಿಸಿದಳು. ಒಳಗೆ ಸೌಟುಗಳು ಗಲಗಲ ಎಂದವು. ಪರಪ್ಪನ ಲಾರಿ ಹೊರಟಿತು. ಡೀಸೆಲ್ ಡಬ್ಬದ ಜೊತೆ ರಸ್ತೆ ಬದಿ ಉಳಿದ ಭಟ್ಟರು ತಮ್ಮ ಲಾರಿಯ ಕೆಳಗೆ ತೂರಿ, ಕೈ ತೊಳೆಯುವ ಬಕೆಟಿಗೆ ಪೆಟ್ರೋಲ್ ಬಸಿಯುತ್ತ ಮಲಗಿದರು. ಪುಕ್ಕಟೆ ಹೋಗಬಾರದೆಂದು ಎರಡನೆಯ ಸಲ ಬಸಿದ ಅದೇ ಪೆಟ್ರೋಲ್.

ಭೋಂಗಾ ಊದುವಾಗ ಎಲೆಯ ಮೇಲೆ ಅನ್ನವಿತ್ತು. ಬಡಿಸಿದವಳು ವಸಂತಿ. ಗುತ್ತಿಗೆ ಸಿಕ್ಕಿತು. ಊಟದವರಲ್ಲಿ ಒಬ್ಬನಷ್ಟೇ ದೂರಿದನಂತೆ, ಸಾಂಬಾರಿನ ಮೆಣಸು ಸೀದಿದೆಯೆಂದು.

ಮುಂದಿನ ತಿಂಗಳು ವಸಂತಿ ಮತ್ತೆ ಜಗಲಿಯಲ್ಲಿ ಚಾಪೆ ಹಾಸಿದಳು. ಭಟ್ಟರು ದೊಡ್ಡ ಮನಸ್ಸು ಮಾಡಿ ಹೇಳಿದರು, "ಇನ್ನು ಅದೆಲ್ಲ ಬೇಡ. ನೀನು ಒಳಗೇ ಇರು. ಕಾಲ ಬದಲಾಗಿದೆ."

"ಒಳಗೆ ಬಂದು?"

"ಉಗ್ರಾಣ ನೋಡಿಕೊಳ್ಳಬಹುದಲ್ಲ. ಮೆಣಸು ಹುರಿಯುವುದು, ರುಬ್ಬುವುದು…"

ವಸಂತಿ ನಕ್ಕಳು. "ವರ್ಷವಿಡೀ ನನಗಿದ್ದ ರಜೆ ಇದೊಂದೇ. ಅದನ್ನೂ ಕಿತ್ತುಕೊಂಡು ಸುಧಾರಕರಾಗ್ತೀರಾ? ಎಲ್ಲಿಗೆ ಬೇಕಾದರೂ ಬರುತ್ತೇನೆ, ಏನು ಬೇಕಾದರೂ ಮುಟ್ಟುತ್ತೇನೆ. ಆದರೆ ಈ ಮೂರು ದಿನ ಮೆಣಸು ಹುರಿಯುವವರು ನೀವೇ." ಅವಳು ಚಾಪೆಯ ಮೇಲೆ ಕಾಲು ಚಾಚಿದಳು.

ಒಳಗೆ ಬಾಣಲೆ ಕಾಯಿತು. ಘಾಟೆದ್ದಿತು. ಸೀನುಗಳ ನಡುವೆ ಭಟ್ಟರ ದನಿ ಜಗಲಿಗೆ ಬಂತು:

"ಇವಳೇ, ಕೊತ್ತಂಬರಿ ಡಬ್ಬ ಯಾವುದು?"

"ಮೂಸಿ ನೋಡಿ!"