ಕಿಟಕಿಗೆ ತಿರುಗಿದ ಕುರ್ಚಿ

ಕನಕಪುರದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಶನಿವಾರ ಮಧ್ಯಾಹ್ನ ಒಂದಷ್ಟು ಹುಡುಗ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, ಮುಂದೆ ಲೋಕ ಹೀಗೂ ಕೆಡಬಹುದು ಎನ್ನುವ ಕಾದಂಬರಿಗಳನ್ನು ಓದಿಸುತ್ತಿದ್ದರು. ಓದು ಮುಗಿದ ಮೇಲೆ ಯಾವಾಗಲೂ ಒಂದೇ ಪ್ರಶ್ನೆ: “ಇದು ಯಾವೂರಲ್ಲಿ ನಡೀತೈತ್ರಪ್ಪಾ?” ಕೇಳಿದವರೇ ಕುರ್ಚಿಯನ್ನು ಕಿಟಕಿಗೆ ತಿರುಗಿಸಿ ಕೂತುಬಿಡುವರು. ಯಾರಾದರೂ ಬಾಯಿಬಿಡುವವರೆಗೆ ಈ ಕಡೆ ನೋಡುತ್ತಿರಲಿಲ್ಲ.

ಒಮ್ಮೆ ಓದಿದ ಕತೆಯಲ್ಲಿ ಇಡೀ ಊರು ಸೈರನ್ನಿಗೆ ಏಳುತ್ತಿತ್ತು, ಸೈರನ್ನಿಗೆ ಉಣ್ಣುತ್ತಿತ್ತು. ಆಗಷ್ಟೇ ಫ್ಯಾಕ್ಟರಿಗಳು ಬರುತ್ತಿದ್ದ ಹಾರೋಹಳ್ಳಿ ಕಡೆಯ ಹುಡುಗಿ ಹೇಳಿದಳು: “ನಮ್ಮೂರಲ್ಲೇ ಸಾ. ಸೈರನ್ ಕೂಗಿದ್ಮೇಲೇ ನಮ್ಮವ್ವ ಮುದ್ದೆಗೆ ಎಸರಿಡೋದು. ಅಣ್ಣಂಗೂ ಅಲ್ಲೇ ಕೆಲ್ಸ. ಈಗ್ಲೇ ನಾವು ಒಸಿ ನೆಮ್ಮದಿಯಾಗಿರೋದು. ಇದ್ರಲ್ಲಿ ತಪ್ಪೇನ್ ಸಾ?”

ಮೇಷ್ಟ್ರು ತಿರುಗಿ ಅವಳನ್ನು ನೋಡಿದರು. ಆಮೇಲೆ ಕುರ್ಚಿಯನ್ನು ಮತ್ತೆ ಕಿಟಕಿಗೆ ತಿರುಗಿಸಿಕೊಂಡರು. ಅವರು ಬಾಯಿಬಿಡಲೆಂದು ಆ ದಿನ ನಾವು ಕಾದೆವು.